ಹಾಸ್ಟೆಲಿಗೆ ಬಂದ ಮಿರರ್ ಸರ್ವರ್

ಶಿಸ್ತು ಇರುವಲ್ಲಿ ಅವಾಂತರ ಆಗುವುದಿಲ್ಲ ಎಂದು ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು. ಹಳಿಯಾಳದ ಈ ಡಿಪ್ಲೊಮಾ ಹಾಸ್ಟೆಲಿನ ಮೇಟ್ರನ್ ಆದ ಮೇಲೆ, ಅವಾಂತರವೂ ಶಿಸ್ತಾಗಿ, ಪ್ರತಿ ವರ್ಷ ತಪ್ಪದೆ ಬರುತ್ತದೆ ಎಂದು ತಿಳಿಯಿತು.

ಈ ವರ್ಷ ಬಂದದ್ದು ಸರ್ವರ್. ಹುಡುಗಿಯರು ಕೊನೆಯ ವರ್ಷದ ಪ್ರಾಜೆಕ್ಟಿಗೆ ಬರೆಯುವ ಪ್ರೋಗ್ರಾಂ ಹೊರಗೆಲ್ಲೋ ದೊಡ್ಡ ಸರ್ವರಿನಲ್ಲಿ ಇರುತ್ತದೆ. ಪ್ರಾಜೆಕ್ಟ್ ಓಡದಿದ್ದರೆ ಡಿಪ್ಲೊಮಾ ಇಲ್ಲ. ನಮ್ಮಲ್ಲೋ ನೆಟ್ ಇರುವುದಕ್ಕಿಂತ ಹೋಗುವುದೇ ಹೆಚ್ಚು. ಅದಕ್ಕೇ ಆ ಪ್ರೋಗ್ರಾಂಗಳ ತದ್ರೂಪು ಪ್ರತಿಯನ್ನು ಆಗಾಗ ತಂದಿಟ್ಟುಕೊಳ್ಳುವ ಮಿರರ್ ಸರ್ವರನ್ನು ಕಂಪ್ಯೂಟರ್ ಸರ್ ಹಾಸ್ಟೆಲಿನಲ್ಲಿ ಕೂರಿಸಿದರು.

೧. ವಾಚ್‌ಮನ್

ಸರ್ವರ್ ಹೊರಗೆ ಹೋಗಬೇಕಾದರೆ ಪ್ರಾಕ್ಸಿ ಎಂಬ ಇನ್ನೊಂದು ಪೆಟ್ಟಿಗೆಯನ್ನು ದಾಟಬೇಕಂತೆ.

"ಅದು ನಿಮ್ಮ ಗೇಟಿನ ವಾಚ್‌ಮನ್ ಇದ್ದಂಗ್ರಿ ಮೇಡಂ," ಎಂದರು ಸರ್.

ನನಗೆ ಆಗಲೇ ಅನುಮಾನ ಬಂತು. ದಿನಾ ನಾಲ್ಕು ಗಂಟೆಗೆ ನೆಟ್ ನಿಲ್ಲತೊಡಗಿತು. ಪ್ರಾಕ್ಸಿ ಇಟ್ಟದ್ದು ವಾಚ್‌ಮನ್ ಕೋಣೆಯಲ್ಲಿ, ಅಲ್ಲಿದ್ದದ್ದು ಒಂದೇ ಪ್ಲಗ್. ಹೋಗಿ ನೋಡಿದರೆ ಅದರಲ್ಲಿ ಚಹಾದ ಕೆಟಲ್.

"ಮುಂಜಾನಿಂದ ದುಡದೈತ್ರಿ ಅಕ್ಕಾರ, ಒಂದೀಟು ಆರಾಮ ಮಾಡ್ಲಿ ಅಂತ," ಎಂದ ವಾಚ್‌ಮನ್, ಪ್ರಾಕ್ಸಿಯನ್ನು ತೋರಿಸಿ.

ಇಬ್ಬರು ವಾಚ್‌ಮನ್‌ಗಳೂ ಒಟ್ಟಿಗೇ ಚಹಾದ ಬಿಡುವು ತೆಗೆದುಕೊಳ್ಳುತ್ತಿದ್ದರು.

೨. ಫ್ಯಾನ್

ಸರ್ವರ್ ಬಿಸಿಯಾಗಬಾರದೆಂದು ಅದರ ಕೋಣೆಗೆ ಹೊಸ ಫ್ಯಾನ್ ಬಂತು. ದಾಂಡೇಲಿಯ ಮೆಕ್ಯಾನಿಕ್ ಒಬ್ಬರು ಮಗಳನ್ನು ನೋಡಲು ಬಂದವರು, ಅವಳ ಕೋಣೆಯ ತಿರುಗದ ಫ್ಯಾನನ್ನೂ ನೋಡಿದರು, ಇದನ್ನೂ ನೋಡಿದರು.

"ಇಲ್ಲಿ ಇರೂದು ಯಾರ ಮಗಳ್ರಿ ಮೇಡಂ?"

ಯಾರೂ ಇಲ್ಲ, ಸರ್ವರ್ ಎಂದೆ.

"ಹಂಗಾದ್ರ ನಮ್ಮ ಹುಡುಗೀನೂ ಸರ್ವರ್ ಅಂತ ಬರ್ಕೋರಿ."

೩. ಪಾಸ್‌ವರ್ಡ್

ಪ್ರಾಕ್ಸಿಯ ಪಾಸ್‌ವರ್ಡ್ ಪ್ರತಿ ತಿಂಗಳು ಬದಲಾಗಬೇಕೆಂಬುದು ನನ್ನ ನಿಯಮ. ಪ್ರಾಜೆಕ್ಟ್ ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಬದಲಿಸಿದೆ. ಜೊಯಿಡಾದ ಹುಡುಗಿಯೊಬ್ಬಳು ಹೊಸದನ್ನು ಕೇಳಿಕೊಂಡು ಹೋದಳು. ಪರೀಕ್ಷಕರು ಬರುತ್ತಾರೆ, ಎಲ್ಲ ಚೊಕ್ಕಟ ಇರಲಿ ಎಂದು, ಹೊರಗಿನ ಸರ್ವರಿನಲ್ಲಿದ್ದ ತನ್ನ ತಂಡದ ಇಡೀ ಪ್ರಾಜೆಕ್ಟನ್ನೇ ಅಳಿಸಿಬಿಟ್ಟಳು.

"ಇಲ್ಲಿ ಮಿರರಿನ್ಯಾಗ ಐತೆಲ್ರಿ ಸರ್, ಮತ್ತ ಅಲ್ಯಾಕ?"

ಸರ್ ಎದ್ದು ನಿಂತರು. "ಅಲ್ಲಿ ಅಳಿಸಿದ್ರ ಇದೂ ಅಳಸ್ತೈತ್ವಾ. ಅಲ್ಲಿದ್ದಂಗ ಇಲ್ಲಿ. ಅಷ್ಟ ಅದರ ಬುದ್ಧಿ."

ಹುಡುಗಿ ಅಳತೊಡಗಿದಳು. ಎಲ್ಲರೂ ಸರ್ವರ್ ಕೋಣೆಗೆ ಓಡಿದರು. ನಾನು ಓಡುವುದಿಲ್ಲ, ಬೇಗ ನಡೆದೆ.

ಪ್ರಾಜೆಕ್ಟ್ ಇದ್ದಂತೆಯೇ ಇತ್ತು. ಸರ್ವರ್ ಹಳೆಯ ಪಾಸ್‌ವರ್ಡ್ ಹಿಡಿದು ಬೆಳಗಿನಿಂದ ಪ್ರಾಕ್ಸಿಯ ಬಾಗಿಲು ಬಡಿಯುತ್ತಿತ್ತು. ಪ್ರಾಕ್ಸಿ ಬಿಟ್ಟಿರಲಿಲ್ಲ. ಹಾಗಾಗಿ ಹೊರಗೆ ಅಳಿಸಿದ ಸುದ್ದಿ ಅದಕ್ಕೆ ಮುಟ್ಟಿಯೇ ಇರಲಿಲ್ಲ.

ಸರ್ ಕುರ್ಚಿಯಲ್ಲಿ ಕುಸಿದು ಕೇಳಿದರು, "ಹೊಸಾ ಪಾಸ್‌ವರ್ಡ್ ಎಲ್ಲಾರಿಗೂ ಹೇಳೀರಿ, ಸರ್ವರಿಗೆ ಯಾಕ ಹೇಳಲಿಲ್ರಿ ಮೇಡಂ?"

"ನನ್ನ ಮೇಜಿನ ಮುಂದೆ ನೆಟ್ಟಗೆ ನಿಂತು ಕೇಳಿದವರಿಗೆ ಹೇಳಿದ್ದೇನೆ," ಎಂದೆ. "ಅದು ಬರಲಿಲ್ಲ."