ಕೂದಲೆಳೆಯಷ್ಟೂ ತಪ್ಪದ ನಗು

ಎಲ್ಲದಕ್ಕೂ ಮೂಲ ಸರ್ವೇಯರ್ ಸಾಹೇಬರ ಮಗಳ ಒಂದು ಮಾತು. ಅಂದು ಸಂಜೆ ನಾಲ್ಕಕ್ಕೆ ಅವಳ ರಿಜಿಸ್ಟರ್ ಮದುವೆ, ಅಲ್ಲಿಂದಲೇ ಗಂಡನ ಜೊತೆ ದೂರದೂರಿಗೆ ಪ್ರಯಾಣ. "ಅಪ್ಪ, ಫೋಟೋದಲ್ಲಿ ನೀನು ಬಾಯ್ತುಂಬ ನಗ್ತಿರ್ಬೇಕು, ನಂಗಷ್ಟೇ ಸಾಕು," ಎಂದಿದ್ದಳು. ಸಾಹೇಬರಿಗೋ ಮುಂದಿನ ನಾಲ್ಕು ಹಲ್ಲುಗಳೇ ಇರಲಿಲ್ಲ. ಹತ್ತು ವರ್ಷದಿಂದ ಅಂಗೈ ಮರೆಯಲ್ಲೇ ಮಾತಾಡಿಕೊಂಡು ಬಂದಿದ್ದರು ಪಾಪ. ಬೆಳಿಗ್ಗೆ ಎಂಟಕ್ಕೇ ಹೆಂಡತಿಯೊಡನೆ ಹಲ್ಲಿನ ಆಸ್ಪತ್ರೆಯ ಬಾಗಿಲಲ್ಲಿ ನಿಂತರು.

ಡಾಕ್ಟರಮ್ಮ ಧೈರ್ಯ ಹೇಳಿದರು. ಬಾಯೊಳಗಿನದೊಂದು ಸ್ಕ್ಯಾನ್, ನಗುವ ಮುಖದ್ದೊಂದು ಸ್ಕ್ಯಾನ್. ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿದರೆ ಮುಖಕ್ಕೊಪ್ಪುವ ಹಲ್ಲು ಮಧ್ಯಾಹ್ನದೊಳಗೆ ತಯಾರು.

ಬಾಯಿಯ ಕೆಲಸ ಬೇಗ ಮುಗಿಯಿತು. ನಗಿ ಎಂದಾಗ ಮಾತ್ರ ಸಾಹೇಬರು ಗಡಿಕಲ್ಲಿನ ಹಾಗೆ ಕೂತರು. ಟೆಕ್ನಿಶಿಯನ್ ಜೋಕು ಹೇಳಿದ. ಪಕ್ಕದ ಕುರ್ಚಿಯವನೊಬ್ಬ ಊದಿದ ದವಡೆ ಹಿಡಿದುಕೊಂಡೇ ತನ್ನ ಮಾವನ ಕತೆ ಶುರುಮಾಡಿದ. ಕೊನೆಗೆ ಹೆಂಡತಿ ಕಿವಿಯಲ್ಲಿ ಏನೋ ಅಂದರು. ಅದೇನೆಂದು ಇಬ್ಬರೂ ಇಂದಿಗೂ ಬಾಯಿಬಿಟ್ಟಿಲ್ಲ, ಬಿಡಿ. ನಗು ಬಂತು. ಆದರೆ ತುಟಿ ನಡುಗಿ, ಎರಡು ಚಿತ್ರಗಳೂ ಒಂದೂವರೆ ಮಿಲಿಮೀಟರ್ ಆಚೀಚೆಯಾದವು.

ನಡೆಯುತ್ತದೆ ಎಂದ ಟೆಕ್ನಿಶಿಯನ್. ಸಾಹೇಬರಿಗೆ ಮೈಯೆಲ್ಲ ಉರಿಯಿತು. ಗೇಣು ಜಾಗಕ್ಕೆ ಹೊಡೆದಾಡುವ ಅಣ್ಣತಮ್ಮಂದಿರ ನಡುವೆ ಮೂವತ್ತು ವರ್ಷ ಅಳತೆಪಟ್ಟಿ ಎಳೆದವರು ಅವರು. ಇನ್ನೊಮ್ಮೆ, ಮತ್ತೊಮ್ಮೆ ಎಂದು ಒಂಬತ್ತು ಸಲ ನಕ್ಕರು. ಒಂಬತ್ತನೆಯದು ಕೂದಲೆಳೆಯಷ್ಟೂ ತಪ್ಪದೆ ಕೂತಿತು. ಬಾಯಿ ಮುಚ್ಚಿದ ಮುಖದ್ದೂ ಒಂದು ಬೇಕೆಂದು ಟೆಕ್ನಿಶಿಯನ್ ಗೋಗರೆದ.

"ಆ ಮುಖಾನ ಹತ್ತು ವರ್ಷದಿಂದ ಎಲ್ರೂ ನೋಡಿದ್ದಾರೆ. ಅದನ್ನೇನಪ್ಪ ಅಳೆಯೋದು?" ಎಂದು ಸಾಹೇಬರು ಎದ್ದೇಬಿಟ್ಟರು.

ಮಧ್ಯಾಹ್ನ ಡಾಕ್ಟರಮ್ಮ ಹಲ್ಲುಗಳನ್ನು ಗಟ್ಟಿಯಾಗಿ ಅಂಟಿಸಿದರು. ಸಾಹೇಬರು ಕನ್ನಡಿ ಕೆಳಗಿಡದೆ ನಕ್ಕರು, ದಾರಿಯುದ್ದಕ್ಕೂ ನಕ್ಕರು, ಫೋಟೋದಲ್ಲಂತೂ ಅಪ್ಪನ ಮುಖದಲ್ಲಿ ರಾಜಕಳೆ. ಮಗಳು ಹಿಗ್ಗಿ ಹೀರೇಕಾಯಿಯಾದಳು.

ನಕ್ಕು ಮುಗಿಸಿ ಬಾಯಿ ಮುಚ್ಚಲು ಹೋದಾಗಲೇ ಗೊತ್ತಾದದ್ದು, ತುಟಿಗಳು ಕೂಡುತ್ತಿಲ್ಲ. ನಗುವಿಗೆ ಅಳೆದ ಹಲ್ಲು ಸುಮ್ಮನಿರುವ ಬಾಯಿಗೆ ಉದ್ದವಾಗಿತ್ತು.

ಅಷ್ಟರಲ್ಲಿ ಕಾರು ಬಂತು. ಮಗಳು ಅಪ್ಪನ ಎರಡೂ ಕೈ ಹಿಡಿದುಕೊಂಡು ಅತ್ತಳು. ಸಾಹೇಬರೂ ಅತ್ತರು, ಕಣ್ಣೀರು ಧಾರೆಯಾಗಿ ಇಳಿಯಿತು. ಅತ್ತಷ್ಟೂ ತುಟಿ ಮೇಲಕ್ಕೇರಿ ಹಲ್ಲುಗಳೆಲ್ಲ ಫಳಫಳನೆ ಕಂಡವು. ಮಗಳು ಅಳು ನಿಲ್ಲಿಸಿ ಅವರ ಮುಖವನ್ನೇ ನೋಡಿದಳು.

"ನಾನು ಹೋಗೋದು ನಿಂಗೆ ಇಷ್ಟೊಂದು ಖುಷಿನಾ ಅಪ್ಪ?"

ಇಲ್ಲವೆಂದು ಅವರು ಜೋರಾಗಿ ತಲೆಯಾಡಿಸಿದರು. ಬೀಗಿತ್ತಿ ಸೊಸೆಯನ್ನು ಕಾರಿಗೆ ಹತ್ತಿಸುತ್ತ, ನಕ್ಕು ನಕ್ಕು ಕಣ್ಣಲ್ಲಿ ನೀರು ತರಿಸಿಕೊಳ್ಳುವ ತಂದೆಯನ್ನು ತಾನು ಇದೇ ಮೊದಲು ನೋಡಿದ್ದು ಎಂದರು.