ಸಾಹೇಬರ ಕಾಫಿ, ನನ್ನ ರಜೆ

ಸಾಹೇಬರ ಕಾರು ಓಡಿಸುವವನು ನಗು ಬಂದರೆ ಕನ್ನಡಿಯಲ್ಲಿ ಕಾಣದಂತೆ ನಗಬೇಕು. ಕುವೈತಿನಲ್ಲಿ ನನಗೆ ಆ ಸಂಕಟ ವಾರಕ್ಕೊಮ್ಮೆಯಾದರೂ ಬರುತ್ತದೆ. ನಮ್ಮ ಸಾಹೇಬರು ಬ್ರಿಟಿಷರು. ಮೊದಲು ಸೈನಿಕ, ಆಮೇಲೆ ತಮ್ಮ ದೇಶದಲ್ಲಿ ಚುನಾವಣೆ ಗೆದ್ದ ರಾಜಕಾರಣಿ, ಆಮೇಲೆ ರಾಯಭಾರಿ. ನಿವೃತ್ತಿಯ ನಂತರ ಇಲ್ಲಿನ ಶುವೈಖ್ ಪ್ರದೇಶದ ಒಂದು ಕಂಪನಿಗೆ ಸಲಹೆಗಾರ. ಮೂರು ಕೆಲಸ ಬಿಟ್ಟರೂ ಮೂರರ ಅಭ್ಯಾಸವೂ ಹೋಗಿಲ್ಲ.

ಅವರಿಂದ ನನಗೆ ಬೇಕಾದದ್ದು ತಂಗಿಯ ಮದುವೆಗೆ ರಜೆ. ಅಪ್ಪ ಇಲ್ಲ, ಧಾರೆ ಎರೆಯಬೇಕಾದವನು ನಾನೇ. ಪಡೆದೇ ತೀರುತ್ತೇನೆ ಎಂದು ಹಠ ತೊಟ್ಟಿದ್ದೆ.

ಸೈನ್ಯದ ಅಭ್ಯಾಸ

ಎಲ್ಲಿಗೇ ಆದರೂ ಮೊದಲೇ ತಲುಪಬೇಕು. ಒಬ್ಬ ಕುವೈತಿ ಹಿರಿಯರು ತಮ್ಮ ದಿವಾನಿಯಾಕ್ಕೆ, ಅಂದರೆ ಗಂಡಸರು ಸಂಜೆ ಸೇರುವ ಬೈಠಕ್ಕಿಗೆ ಕರೆದಿದ್ದರು. ದಾರಿಯಲ್ಲಿ ರಜೆ ಕೇಳಿದೆ.

"ಸೈನ್ಯದಲ್ಲಿ ರಜೆ ಕೊಡುವುದು ಯುದ್ಧ ಮುಗಿದ ಮೇಲೆ" ಎಂದರು.

ನಾವು ತಲುಪಿದಾಗ ಮನೆಯ ಯಜಮಾನರೇ ಬಂದಿರಲಿಲ್ಲ. ಅವರು ಬಂದಾಗ ಸಾಹೇಬರು ಎದ್ದು ಕೈಹಿಡಿದು ಒಳಗೆ ಕರೆದರು. ತಮ್ಮ ಮನೆಗೇ ತಡವಾಗಿ ಬಂದದ್ದಕ್ಕೆ ಪಾಪ, ಯಜಮಾನರು ಕ್ಷಮೆ ಕೇಳಿದರು.

ಚುನಾವಣೆಯ ಅಭ್ಯಾಸ

ಕಂಡವರ ಕೈ ಕುಲುಕದೆ ಮುಂದೆ ಹೋಗುವುದಿಲ್ಲ. ಗ್ಯಾರೇಜಿನಲ್ಲಿ ಮತ್ತೆ ರಜೆಯ ಮಾತೆತ್ತಿದೆ. ತಂಗಿ ಏನು ಓದಿದ್ದಾಳೆ, ಹುಡುಗನಿಗೇನು ಕೆಲಸ, ಎಲ್ಲ ವಿಚಾರಿಸಿ, "ನಾನು ನಿನ್ನ ಜೊತೆಗಿದ್ದೇನೆ" ಎಂದು ಬೆನ್ನು ತಟ್ಟಿ ಮೆಕ್ಯಾನಿಕ್‌ಗಳ ಕಡೆ ನಡೆದರು. ಒಬ್ಬ ಮಂಗಳೂರಿನ ಬ್ಯಾರಿ ಕಾರಿನಡಿ ಮಲಗಿದ್ದ. ಅವನ ಕೈ ಸಿಗಲಿಲ್ಲ. ಸಾಹೇಬರು ಕಾಲನ್ನೇ ಹಿಡಿದು ಕುಲುಕಿದರು.

ಅಡಿಯಿಂದ ಧ್ವನಿ ಬಂತು: "ಎಳೀಬೇಡ ಮಾರಾಯ, ಕೆಲಸ ಖಲಾಸ್ ಆಗ್ಲಿಲ್ಲ ಇನ್ನೂ."

ರಾಯಭಾರದ ಅಭ್ಯಾಸ

ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದಿಲ್ಲ. ಮೂರನೆಯ ಸಲ ಕೇಳಿದಾಗ "ಪರಿಶೀಲಿಸೋಣ" ಎಂದರು.

ಅಂದು ಅದೇ ದಿವಾನಿಯಾ. ನಾನು ಬಾಗಿಲ ಬಳಿ ಕುಳಿತಿದ್ದೆ. ಸಾಹೇಬರು ಕಾಫಿಯ ಪುಟ್ಟ ಕಪ್ಪನ್ನು ಕುಡಿಯದೆ ಕೆಳಗಿಟ್ಟರು. ಮಾತೆಲ್ಲ ನಿಂತುಹೋಯಿತು. ದೊಡ್ಡ ಬೇಡಿಕೆ ಇರುವ ಅತಿಥಿ ಹಾಗೆ ಇಡುವುದು ಇಲ್ಲಿನ ಹಳೆಯ ಪದ್ಧತಿ. ಯಜಮಾನ ಒಪ್ಪಿದ ಮೇಲೆಯೇ ಕುಡಿಯುವುದು.

"ಏನು ಬೇಕು, ಹೇಳಿ" ಎಂದರು ಯಜಮಾನರು.

ಸಾಹೇಬರು ಗಂಟಲು ಸರಿಮಾಡಿಕೊಂಡು, ಅರ್ದಿಯಾ ಎಂಬಲ್ಲಿರುವ ಯಜಮಾನರ ಗೋದಾಮನ್ನು ನಮ್ಮ ಕಂಪನಿಗೆ ಬಾಡಿಗೆಗೆ ಕೊಡಬೇಕು ಎಂದರು. ತಿಂಗಳುಗಟ್ಟಲೆ ಆಗದಿದ್ದ ಕೆಲಸ ಅದು.

"ಕೊಟ್ಟೆ. ಕುಡಿಯಿರಿ."

ಕಾರು ಹತ್ತಿದ ಮೇಲೆ ಸಾಹೇಬರು ಮೆಲ್ಲಗೆ ಹೇಳಿದರು, "ಬಿಸಿ ಇತ್ತು, ಅದಕ್ಕೇ ಇಟ್ಟೆ."

ನನ್ನ ಸರದಿ

ದಿನಾ ಬೆಳಿಗ್ಗೆ ಆಫೀಸಿನಲ್ಲಿ ಸಾಹೇಬರೇ ನನಗೆ ಚಹಾ ಮಾಡಿಕೊಡುತ್ತಾರೆ. ಮರುದಿನ ಕಪ್ಪನ್ನು ಕುಡಿಯದೆ ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತೆ.

"ಬಿಸಿಯಾ?"

"ಅಲ್ಲ ಸರ್."

ಚಹಾ ಕೆನೆಗಟ್ಟಿತು. ನಾನು ಅಲುಗಲಿಲ್ಲ. ಕೊನೆಗೆ ಸಾಹೇಬರೇ ಸೋತು, "ರಜೆ ಕೊಟ್ಟೆ. ಕುಡಿ" ಎಂದರು. ನಾನು ಕೈ ಚಾಚುವಷ್ಟರಲ್ಲಿ ತಮ್ಮ ಕಪ್ಪನ್ನೂ ಕೆಳಗಿಟ್ಟರು. ಅವರ ಬೇಡಿಕೆ, ಮದುವೆಗೆ ತಾವೂ ಬರಬೇಕು.

ಬಂದರು. ನಮಗಿಂತ ಮೊದಲೇ ಹಾಲ್ ತಲುಪಿ, ಗಂಡಿನ ಕಡೆಯವರ ಕೈಯೆಲ್ಲ ಕುಲುಕಿದರು. ಧಾರೆ ಎರೆಯುವಾಗ ನನ್ನ ಕಣ್ಣು ತುಂಬಿ ಬಂತು.

ಸಂಜೆ ಮನೆಯಲ್ಲಿ ಅಮ್ಮ ಅವರಿಗೆ ಕಾಫಿ ಕೊಟ್ಟಳು. ಕುದಿಯುವ ಕಾಫಿ. ಸಾಹೇಬರು ತುಟಿಗೆ ತಾಗಿಸಿ ಕೆಳಗಿಟ್ಟರು. ದಿವಾನಿಯಾದ ಪದ್ಧತಿಯನ್ನು ನಾನು ಫೋನಿನಲ್ಲಿ ಅಮ್ಮನಿಗೆ ಬಣ್ಣಿಸಿ ಹೇಳಿದ್ದೆ. ಅವಳು ಗಾಬರಿಯಿಂದ ನನ್ನನ್ನು ಅಡುಗೆಮನೆಗೆ ಎಳೆದಳು.

"ಮಗಾ, ನಮ್ಮಲ್ಲಿ ಇನ್ನು ಮದುವೆಗೆ ಹುಡುಗಿ ಯಾರೂ ಇಲ್ಲ ಅಂತ ಅವರಿಗೆ ಈಗ್ಲೇ ಹೇಳಿಬಿಡು."