ಸಾವ್ಕಾರರ ತೋಳಕ್ಕ ಹಂಗಾಮು ಬಂದದ್ದು

ಬ್ಯಾರೇಯವರಿಗೆ ಕನಸಿನ್ಯಾಗ ಆಗೋದು ನನಗ ಹಾಡಹಗಲೇ ಆಗ್ತದ. ಯಾಕಂತ ಕೇಳಬ್ಯಾಡ್ರಿ. ನನ್ನ ಹಣೆಬರಹ ಬರೆಯೋ ಮುಂದ ಬ್ರಹ್ಮ ನಗಲಿಕತ್ತಿದ್ದ ಅಂತ ಕಾಣಸ್ತದ.

ಇದು ಮೈಸೂರು ರಾಜ್ಯ ಅಂತಿದ್ದ ಕಾಲದ ಮಾತು. ಶಹಾಬಾದಿನ ಸಾವ್ಕಾರರೊಬ್ಬರ ಪರಸಿ ಕಲ್ಲಿನ ಗಣಿಯೊಳಗ ಮಂದಿ ಎಲ್ಲಾ ಬಿಸಿಲಾಗ ಕಲ್ಲು ಒಡೀತಿದ್ರು. ನಾನೊಬ್ಬನೇ ಬೇವಿನ ಗಿಡದ ನೆರಳಾಗ ಕುಂತು ತೋಳ ಸಾಕ್ತಿದ್ದೆ. ಚಿಂಚೋಳಿ ಕಡಿಂದ ಕುರಿ ಕಾಯೋರು ತಂದುಕೊಟ್ಟ ಮರಿ ಅದು. ನನ್ನ ಕೈತುತ್ತು ತಿಂದು ಕರುವಿನಷ್ಟು ಬೆಳೆದಿತ್ತು. ನಾ ಮೀಸಿ ತಿರುವಿದ್ರ ಅದು ಕಿವಿ ನಿಗುರಸ್ತಿತ್ತು. ಸುಳ್ಳಲ್ಲ.

ಯುಗಾದಿಯ ಬೀಗತನ

ಸಾವ್ಕಾರರ ಮನ್ಯಾಗ ಒಂದು ವಿಲಾಯತಿ ಹೆಣ್ಣುನಾಯಿ ಇತ್ತು. ಯುಗಾದಿ ಹೊತ್ತಿಗೆ ಅದು ಬೆದೆಗೆ ಬಂತು.

"ಇದಕ್ಕೂ ತೋಳಕ್ಕೂ ಕೂಡಸೋಣು. ಅಂಥಾ ಮರಿ ಇಡೀ ಜಿಲ್ಲಾದಾಗ ಯಾರ ಹತ್ರನೂ ಇರಬಾರದು" ಅಂದ್ರು ಸಾವ್ಕಾರರು.

"ನನಗ ಬಿಡ್ರಿ ಧಣಿ. ನಾ ಹೇಳಿದ್ರ ನಮ್ಮ ತೋಳ ತಾಳಿ ಸುದ್ದಾ ಕಟ್ತದ" ಅಂದೆ.

ನಾಯಿನ್ನ ಸಾವ್ಕಾರರ ಅಂಗಳದಾಗಿನ ತೋಳದ ಪಂಜರದೊಳಗ ಬಿಟ್ಟೆ. ಅದು ಕುಣೀತು, ಬಾಲ ಬೀಸಿತು, ತೋಳದ ಮಾರಿ ನೆಕ್ಕಿತು. ಗೋಡಿ ಆಚೆ ಊರಿನ ಗಂಡುನಾಯಿ ಎಲ್ಲಾ ಎದಿ ಬಡಕೊಂಡು ಅಳಲಿಕತ್ತಿದ್ವು. ನಮ್ಮ ತೋಳ ಒಂದು ಆಕಳಿಕಿ ತಗದು, ಗೋಡಿ ಕಡಿ ಮಾರಿ ಮಾಡಿ ಮಲಗಿಬಿಡ್ತು.

"ಕಾಕಾ, ಸಾವ್ಕಾರರ ಅಳಿಯ ಸನ್ಯಾಸ ತಗೊಂಡಾನೇನು?" ಅಂತ ಕಲ್ಲು ಒಡಿಯೋರು ನಕ್ಕರು.

ಸಾವ್ಕಾರರು ನಗಲಿಲ್ಲ. "ಮುಂದಿನ ಸಲ ನಾಯಿ ಬೆದೆಗೆ ಬಂದಾಗ ಇದು ಕೂಡಬೇಕು. ಇಲ್ಲಂದ್ರ ತೋಳ ಅಡವಿಗೆ, ನೀ ಕಲ್ಲು ಒಡೀಲಿಕ್ಕೆ" ಅಂದ್ರು.

ಹುಟ್ಟಿದಾಗಿಂದ ನನ್ನ ರುಮಾಲಿಗಿಂತ ಭಾರದ್ದು ನಾ ಎತ್ತಿದವನೇ ಅಲ್ಲ!

ಹಕೀಮರ ಲೇಹ್ಯ

ಚಿತ್ತಾಪುರದ ಹಕೀಮಸಾಬರ ಹತ್ರ ಹೋದೆ. ರೋಗಿ ತೋಳ ಅಂದ್ರ ಹೊರಗ ಹಾಕ್ತಾರಂತ ಬಾಯಿ ಬಿಡಲಿಲ್ಲ.

"ಊಟ ಹೆಂಗ ಮಾಡ್ತಾರ?"

"ಬರೇ ಮಾಂಸ ಹಕೀಮಸಾಬ್."

"ಬೀಬಿ ಜೋಡಿ ಹೆಂಗ?"

"ಗೋಡಿ ಕಡಿ ಮಾರಿ ಮಾಡಿ ಮಲಗ್ತಾನ್ರಿ."

"ಎಲ್ಲಿ ಮಲಗ್ತಾರ?"

"ಪಂಜರದಾಗ."

ಹಕೀಮರು ಕನ್ನಡಕ ತಗದ್ರು. "ಅರೆ ಅಲ್ಲಾ! ಮೊದಲು ಆ ಮನಷ್ಯಾನ್ನ ಹೊರಗ ಬಿಡ್ರೋ!"

ಹಂಗಂದ್ರೂ ಬಾದಾಮ್, ಕೇಸರಿ ಹಾಕಿದ ಲೇಹ್ಯ ಕೊಟ್ರು. ತೋಳ ಮೂಸಿ ನೋಡಿ ಸೀನಿತು. ಅಂಥಾ ಮಾಲು ಚೆಲ್ಲಲಿಕ್ಕಾಗ್ತದೇನ್ರಿ? ನಾನೇ ನೆಕ್ಕಿ ಮುಗಿಸಿದೆ. ತೋಳ ಮಲಗೇ ಇತ್ತು. ವರ್ಷ ತುಂಬೋದ್ರೊಳಗ ನಮ್ಮ ಮನ್ಯಾಗ ಅವಳಿ ಗಂಡುಮಕ್ಕಳು!

ಹಂಗಾಮಿನ ಮಾತು

ಮಳಿಗಾಲದಾಗ ಸೇಡಂ ಕಡಿಂದ ದನದ ಡಾಕ್ಟರ್ ಬಂದಿದ್ರು. ತೋಳ ನೋಡಿ ನಕ್ಕರು.

"ಗಂಡುನಾಯಿ ವರ್ಷಪೂರ್ತಿ ತಯಾರ್ ಇರ್ತದ. ತೋಳ ಹಂಗಲ್ಲಪ್ಪಾ. ಹಾರ್ಮೋನ್ ಅಂತ ಮೈಯಾಗ ಒಂದು ರಸ ಇರ್ತದ. ತೋಳಕ್ಕ ಅದು ಚಳಿ ಬಿದ್ದಾಗ ಏರ್ತದ, ಆಮ್ಯಾಲ ಇಳೀತದ. ಈಗ ರಂಭಿನೇ ಬಂದ್ರೂ ಅದಕ್ಕ ಆಕಿ ಅಕ್ಕ."

ಸಂಜಿಮುಂದ ಈ ಸುದ್ದಿ ನನ್ನ ಹೆಂಡತಿಗೆ ಹೇಳಿದೆ. ಆಕಿ ತುಂಬಿದ ಹೊಟ್ಟಿ ಹಿಡಕೊಂಡು ಮ್ಯಾಲೆ ನೋಡಿದಳು. "ಶಿವನೇ, ತೋಳಕ್ಕ ಹಂಗಾಮು ಇಟ್ಟಿ. ನಮ್ಮನಿಯವರಿಗೂ ಒಂದು ಇಟ್ಟಿದ್ರ ನಿನ್ನ ಗಂಟೇನು ಹೋಗ್ತಿತ್ತು?"

ಬಾಗಿಲು ತಗದದ್ದು

ದೀಪಾವಳಿ ಮುಗೀತು, ಚಳಿ ಬಿತ್ತು. ಮಲಗಿದ್ದ ತೋಳ ಎದ್ದೇ ಬಿಡ್ತು ನೋಡ್ರಿ! ಕುತ್ತಿಗಿ ಕೂದಲು ನಿಮಿರಿಸಿ ಗಿರಗಿರ ತಿರುಗಿತು. ಮುಗಿಲಿಗೆ ಮಾರಿ ಎತ್ತಿ ಒಂದು ಊಳು ಹಾಕಿದ್ರ, ಅಲ್ಲಿ ವಾಡಿ ಸ್ಟೇಷನ್ನಿನ ಗಾರ್ಡ್ ಇಂಜಿನ್ ಸೀಟಿ ಅಂತ ತಿಳಿದು ಹಸಿರು ಬಾವುಟ ತೋರಿಸಿದ್ನಂತ!

ಅದೇ ಹೊತ್ತಿಗೆ ನಾಯಿನೂ ಬೆದೆಗೆ ಬಂತು. ಸಾವ್ಕಾರರು ಊರ ಹಿರೇರನ್ನ ಕರೆಸಿ ಕುರ್ಚಿ ಹಾಕಿಸಿದ್ರು. "ಈಗ ನೋಡ್ರಿ ನನ್ನ ಕೈಗುಣ" ಅಂತ ಮೀಸಿ ತಿರುವಿ, ತೋಳ ಗತ್ತಿನಿಂದ ಹೊರಗ ಬರಲಿ ಅಂತ ಬಾಗಿಲು ಪೂರಾ ತಗದೆ.

ತೋಳ ಜಿಗೀತು. ನಾಯಿ ಮ್ಯಾಲಿಂದ, ಸಾವ್ಕಾರರ ರುಮಾಲಿನ ಮ್ಯಾಲಿಂದ, ಗೋಡಿ ಮ್ಯಾಲಿಂದ ಹಾರಿ ತೊಗರಿ ಹೊಲದಾಗ ಮಾಯ! ವಿಲಾಯತಿ ನಾಯಿ ಒಂದು ಗಳಿಗಿ ದಾರಿ ನೋಡಿತು. ಆಮ್ಯಾಲ ಚಹಾದ ಹೋಟೆಲಿನ ಕುಂಟ ನಾಯಿ ಹಿಂದ ನಡೀತು.

ಸಾವ್ಕಾರರು ಕುರ್ಚಿ ಬಿಟ್ಟು ಎದ್ದು ಬಂದ್ರು. ನನ್ನ ಕೈಯಾಗ ಸುತ್ತಿಗಿ ಇಟ್ಟು ಮನಿಗೆ ಹೋದ್ರು.

ಮರುದಿನ ಮುಂಜಾನೆ ಸುತ್ತಿಗಿ ಹೆಗಲಮ್ಯಾಲಿಟ್ಟು ಗಣಿ ಕಡಿ ಹೊಂಟಿದ್ದೆ. ಪಂಜರ ದಾಟೋ ಮುಂದ ನೋಡ್ತೀನಿ, ತೆರೆದ ಬಾಗಿಲೊಳಗ ನಮ್ಮ ತೋಳ ಗತ್ತಿಲೆ ಕುಂತದ! ಬಾಜೂಕ ಅಡವಿಯ ಹೆಣ್ಣುತೋಳ, ಹೊಸ ಮದುಮಗಳಂಗ ತಲಿ ತಗ್ಗಿಸಿ ಉಳಿದ ಮಾಂಸ ತಿನ್ನಲಿಕತ್ತದ!

ಸಾವ್ಕಾರರು ಓಡಿ ಬಂದ್ರು. ಬಿಟ್ಟ ಕಣ್ಣು ಬಿಟ್ಟಂಗ ನಿಂತ್ರು. "ಲೇ, ಮನಿ ಅಳಿಯ ಆಗು ಅಂದ್ರ ಮಗನಾಗಿ ಸೊಸಿ ತಂದಾನಲ್ಲೋ!"

ನಾ ಸುತ್ತಿಗಿ ಅವರ ಕೈಗೇ ವಾಪಸ್ ಕೊಟ್ಟೆ. "ಇದು ಒಳಗ ಇಡ್ರಿ ಧಣಿ. ನಾ ಕಲ್ಲು ಒಡೀಲಿಕ್ಕೆ ಹೋದ್ರ, ನಿಮ್ಮ ಸೊಸಿ ಬಾಣಂತನ ನೀವು ಮಾಡ್ತೀರೇನು?"